ಮೆಟ್ಟುಗತ್ತಿಯ ಕೆಲಸ, ಅಡಕತ್ತರಿಯ ಕೆಲಸ

ಸುಗ್ಗಿಯಲ್ಲಿ ನಿಲ್ಕುಂದವೆಂಬ ಊರಿನ ಕಡೆಯ ಮನೆಗಳಲ್ಲಿ ರಾತ್ರಿ ಅಡಕೆ ಸುಲಿಯುತ್ತಾರೆ. ಮೆಟ್ಟುಗತ್ತಿಯ ಅಲಗಿಗೆ ಹಸಿ ಅಡಕೆ ಒತ್ತಿ ತಿರುವಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಜಗಲಿಯಲ್ಲಿ ಕವಳದ ಬಟ್ಟಲಿನ ಪಕ್ಕ ಅಡಕೆ ಹೋಳು ಮಾಡುವ ಅಡಕತ್ತರಿ ಇರುತ್ತದೆ. ಎರಡೂ ಕಬ್ಬಿಣವೇ, ಎರಡೂ ಅಡಕೆಗೇ. ಆದರೂ ಒಂದರ ಕೆಲಸ ಇನ್ನೊಂದರಿಂದ ಆಗದು.

ನಮ್ಮ ಮೈಯಲ್ಲೂ ಇಂಥ ಮನೆತನವೊಂದಿದೆ: ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳದ್ದು. ಒಟ್ಟು 8 ಮಂದಿ. ಮೊದಲನೆಯದನ್ನು 1957ರಲ್ಲಿ ಗಾರ್ಡನ್ ಮಿಲ್ಸ್ ಕೆಂಪು ರಕ್ತಕಣದಲ್ಲಿ ಕಂಡರು. ನಾಲ್ಕನೆಯದನ್ನು 1982ರಲ್ಲಿ ಇಟಲಿಯ ಫುಲ್ವಿಯೊ ಉರ್ಸಿನಿ ತಂಡ ಹಂದಿಯ ಯಕೃತ್ತಿನಿಂದ ಬೇರ್ಪಡಿಸಿತು. ಎರಡರ ಅಲಗಿನಲ್ಲೂ ಸೆಲೆನಿಯಂ ಇದೆ.

ಮೊದಲನೆಯದು ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುತ್ತದೆ. ಬಿಡಿಯಾಗಿ ತೇಲುವ ಕೊಬ್ಬಿನಾಮ್ಲದ ಪೆರಾಕ್ಸೈಡನ್ನೂ ಹಿಡಿಯುತ್ತದೆ. ಆದರೆ ಜೀವಕೋಶದ ಪೊರೆಯೂ ಕೊಬ್ಬಿನದೇ. ಕರಿದ ಹಲಸಿನ ಚಿಪ್ಸ್ ಡಬ್ಬಿಯಲ್ಲಿ ಹಳತಾದರೆ ಕಮಟು ನಾರುತ್ತದಲ್ಲ, ಆ ಎಣ್ಣೆಗೆ ಆಗುವುದೇ ಪೊರೆಗೂ ಆಗುತ್ತದೆ. ಅಲ್ಲಿ ಮೊದಲನೆಯ ಕಿಣ್ವ ಸೋಲುತ್ತದೆ. ನಾಲ್ಕು ತುಂಡು ಸೇರಿದ ದೊಡ್ಡ ಗಂಟು ಅದು, ಅದರ ಬಾಯಿ ಇಕ್ಕಟ್ಟು. ನಾಲ್ಕನೆಯದು ಒಂಟಿ, ಗಾತ್ರದಲ್ಲಿ ಸಣ್ಣದು. ಬಾಯಿಗೆ ಅಡ್ಡ ಬರುವ ಒಂದು ಕುಣಿಕೆಯೇ ಅದಕ್ಕಿಲ್ಲ. ಹಾಗಾಗಿ ನೇರ ಪೊರೆಗೆ ತಾಗಿ, ಕಮಟಿದ ಕೊಬ್ಬನ್ನು ಇದ್ದಲ್ಲೇ ಸರಿಪಡಿಸುತ್ತದೆ.

ಈ ಭೇದ ಎಷ್ಟು ಮುಖ್ಯವೆಂದು ಇಲಿಗಳು ತೋರಿಸಿಕೊಟ್ಟವು. ಮೊದಲನೆಯ ಕಿಣ್ವವಿಲ್ಲದ ಇಲಿಗಳು ಎಂದಿನಂತೆ ಹುಟ್ಟಿ ಬೆಳೆದವು. ಆದರೆ ಪ್ಯಾರಾಕ್ವಾಟ್ ಕೊಟ್ಟಾಗ, ಉಳಿದ ಇಲಿಗಳು ತಡೆದುಕೊಂಡ ಪ್ರಮಾಣಕ್ಕೇ ಸತ್ತವು. ಪ್ಯಾರಾಕ್ವಾಟ್ ಎಂದರೆ ಕಳೆನಾಶಕ. ನಾಲ್ಕನೆಯದಿಲ್ಲದ ಇಲಿಮರಿಗಳು ಹುಟ್ಟಲೇ ಇಲ್ಲ, ಗರ್ಭದಲ್ಲೇ ಅಳಿದವು. ಮಿಕ್ಕ ಏಳು ನೆಂಟರಿಂದ ಆ ಜಾಗ ತುಂಬಲಾಗಲಿಲ್ಲ.

ಅಂಗಡಿಯ ಪೊಟ್ಟಣಗಳ ಮೇಲೆ, ಕಮಟು ತಡೆಯುವ ಎಲ್ಲವನ್ನೂ ‘ಆಂಟಿಆಕ್ಸಿಡೆಂಟ್’ ಎಂದು ಒಂದೇ ಮಾತಿನಲ್ಲಿ ಬರೆದಿರುವುದನ್ನು ಕಂಡಾಗ ನನಗೆ ಈ ಮರಿಗಳೇ ನೆನಪಾಗುತ್ತವೆ. ಪೊರೆ ಕಮಟಿ ಜೀವಕೋಶ ಸಾಯುವ ಈ ಬಗೆಗೆ 2012ರಲ್ಲಿ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ಫೆರಮ್ ಎಂದರೆ ಕಬ್ಬಿಣ. ಜೀವಕೋಶದೊಳಗಿನ ಕಬ್ಬಿಣವೇ ಆ ಕಮಟನ್ನು ಹಬ್ಬಿಸುತ್ತದೆ. ನಾಲ್ಕನೆಯ ಕಿಣ್ವ ಸರಿಯಾಗಿ ಕೆಲಸ ಮಾಡುತ್ತಿರುವಷ್ಟು ಹೊತ್ತು ಆ ಕಮಟು ಸಾಮಾನ್ಯವಾಗಿ ಹಬ್ಬದು.