ಮಿಂಚಂಚೆಯ ಜರಡಿಗೂ ಒಂದು ಅಳತೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪತ್ರ ಕಳುಹಿಸಿದ್ದೇವೆ ಎಂದು ಕಚೇರಿಯವರು, ಬಂದೇ ಇಲ್ಲ ಎಂದು ಸದಸ್ಯರು ವಾದಿಸುವಾಗ ಇಬ್ಬರ ಮಾತೂ ನಿಜವಾಗಿರಬಹುದು. ಕಳುಹಿಸುವವರಿಗೂ ಪಡೆಯುವವರಿಗೂ ನಡುವೆ ಈಗ ಒಂದು ಜರಡಿ ಇದೆ. ಅದು ಕಚೇರಿಯ ಗಣಕಯಂತ್ರದಲ್ಲಿಲ್ಲ. ಸೇವೆ ಒದಗಿಸುವ ಸಂಸ್ಥೆಯ ದೂರದ ಸರ್ವರ್‌ಗಳಲ್ಲಿದೆ. ಇದನ್ನೇ ಕ್ಲೌಡ್ ಶೋಧನೆ ಎನ್ನುವರು. ವಂಚನೆಯ ಕೊಂಡಿ, ವೈರಸ್ ಹೊತ್ತ ಲಗತ್ತು, ಅನಪೇಕ್ಷಿತ ಜಾಹೀರಾತುಗಳನ್ನು ತಡೆಯುವುದು ಅದರ ಕೆಲಸ. ಆ ಕೆಲಸಕ್ಕೆ ಸಂಸ್ಥೆಗಳು ಕೆಲವು ಮಿತಿಗಳನ್ನೂ ಹಾಕಿವೆ.

ಜಿಮೇಲ್‌ನ ಉಚಿತ ಖಾತೆಯಿಂದ ದಿನಕ್ಕೆ 500 ವಿಳಾಸಗಳಿಗೆ ಮಾತ್ರ ಪತ್ರ ಕಳುಹಿಸಬಹುದು. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ದಿನಕ್ಕೆ 10,000 ವಿಳಾಸಗಳು, ನಿಮಿಷಕ್ಕೆ 30 ಪತ್ರಗಳು. ಗುಪ್ತಪದ ಕದ್ದವನು ರಾತ್ರೋರಾತ್ರಿ ಸಾವಿರಾರು ಜನರನ್ನು ವಂಚಿಸಬಾರದೆಂಬುದು ಇದರ ಹಿಂದಿನ ಉದ್ದೇಶ. ಇಲ್ಲಿ ಎಣಿಕೆಗೆ ಬರುವುದು ವಿಳಾಸಗಳು. ನೂರು ಜನರಿಗೆ ಐದು ಸೂಚನೆ ಕಳುಹಿಸಿದರೆ ಜಿಮೇಲ್‌ನ ದಿನದ ಪಾಲು ಮುಗಿಯಿತು. ಮೀರಿದರೆ 24 ಗಂಟೆಗಳವರೆಗೂ ಆ ಖಾತೆಯಿಂದ ಪತ್ರ ಹೊರಡದೆ ಇರಬಹುದು.

ತಡೆಗೊಂಡ ಪತ್ರದ ಗತಿಯೂ ಒಂದೇ ಬಗೆಯದಲ್ಲ. ಸರ್ವರ್ 4ರಿಂದ ಆರಂಭವಾಗುವ ಸಂಕೇತ ನೀಡಿದರೆ, ಅದು ನೀರುಗಂಟಿ ‘ನಿಮ್ಮ ಬೀದಿಯ ಸರದಿ ಇನ್ನೂ ಬಂದಿಲ್ಲ’ ಎಂದಂತೆ. ಕಳುಹಿಸುವ ಸರ್ವರ್ ತಾನೇ ಮತ್ತೆ ಯತ್ನಿಸುತ್ತದೆ. 5ರಿಂದ ಆರಂಭವಾದರೆ ಅದು ನಿರಾಕರಣೆ. ಪತ್ರ ಹಿಂದಿರುಗಿದ ಸೂಚನೆ ಕಳುಹಿಸಿದವರಿಗೆ ಬರುತ್ತದೆ. ಆ ಇಂಗ್ಲಿಷ್ ಸೂಚನೆಯನ್ನು ಓದದೆ ಅಳಿಸುವುದು ನಮ್ಮ ಕಚೇರಿಗಳ ಹಳೆಯ ರೂಢಿ.

ಗಾತ್ರದ ಮಿತಿಯೂ ಉಂಟು. ಲಗತ್ತು ಸಾಗುವಾಗ ಅಕ್ಷರರೂಪ ತಾಳಿ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಆದ್ದರಿಂದ 20 ಎಂಬಿ ಅಂದಾಜುಪಟ್ಟಿಯು 25 ಎಂಬಿ ಮಿತಿಯ ಬಾಗಿಲಲ್ಲಿ ಸಿಕ್ಕಿಕೊಳ್ಳಬಹುದು. ಗೂಗಲ್‌ನ ಉಚಿತ 15 ಜಿಬಿ ಸಂಗ್ರಹ ಜಿಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿದ್ದು. ಕಾಮಗಾರಿ ಛಾಯಾಚಿತ್ರಗಳಿಂದ ಅದು ತುಂಬಿದರೆ ಹೊಸ ಪತ್ರ ಬರುವುದೂ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಆತಂಕದ ಮಿತಿ ಕಾಲದ್ದು. ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿ ಅಳಿಯುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಕೋರಿಕೆ ಸಲ್ಲಿಸಲು ಅವಕಾಶ ನೀಡಿದೆ. 7(1)ನೇ ಪ್ರಕರಣದಂತೆ ಸಾಮಾನ್ಯವಾಗಿ ಉತ್ತರಕ್ಕಿರುವ ಅವಧಿಯೂ 30 ದಿನಗಳೇ. ಗಡುವು ಮುಗಿಯುವ ಹೊತ್ತಿಗೆ ಅರ್ಜಿಯೇ ಅಳಿದಿರುತ್ತದೆ. ಸಮಂಜಸ ಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡವುಂಟು. ದಂಡವಾದರೂ ಅಧಿಕಾರಿಯದು; ಕಾದು ಕುಳಿತ ಅರ್ಜಿದಾರರಿಗೆ ಕಾಣುವುದು ತಮ್ಮ ಪತ್ರ ‘ರವಾನೆಯಾಗಿದೆ’ ಎಂಬ ಮಾತಷ್ಟೇ. ಸ್ಪ್ಯಾಮ್‌ಗೆ ಬಿದ್ದ ಸುದ್ದಿಯನ್ನು ಜರಡಿ ಅವರಿಗೆ ತಿಳಿಸುವುದಿಲ್ಲ.

ಹಾಗೆಂದು ಜರಡಿಯನ್ನೇ ಕಿತ್ತುಹಾಕುವುದು ತರವಲ್ಲ. ಒಂದು ಸೇವೆಯ ಎಲ್ಲ ವಿಳಾಸಗಳಿಗೂ ಮುಕ್ತ ಅನುಮತಿ ಕೊಟ್ಟರೆ ಅದೇ ಹೆಸರಿನಲ್ಲಿ ವಂಚಕರೂ ಒಳಬರುವರು. ಪರಿಚಿತ ವಿಳಾಸಗಳನ್ನು ಒಂದೊಂದಾಗಿ ಸಂಪರ್ಕಪಟ್ಟಿಗೆ ಸೇರಿಸುವುದು ಲೇಸು. ಕಚೇರಿ ತೆರೆದೊಡನೆ ಸ್ಪ್ಯಾಮ್ ಪೆಟ್ಟಿಗೆ ನೋಡಿ, ಸಿಕ್ಕ ಅರ್ಜಿಯನ್ನು ಅಂದೇ ಆವಕ ವಹಿಗೆ ಏರಿಸಬೇಕು. ಸಭಾ ಸೂಚನೆಯನ್ನು ಮಿಂಚಂಚೆಯೊಂದನ್ನೇ ನಂಬಿ ಕಳುಹಿಸದೆ ಮುದ್ರಿತ ಪ್ರತಿಗೆ ಸಹಿ ಪಡೆಯುವುದನ್ನು ಮುಂದುವರಿಸಬೇಕು. ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಕಚೇರಿಯನ್ನು ಕೇಳಬಹುದಾದ ಪ್ರಶ್ನೆಯೊಂದಿದೆ: ಸ್ಪ್ಯಾಮ್ ಪೆಟ್ಟಿಗೆಯನ್ನು ಕೊನೆಯ ಬಾರಿ ತೆರೆದದ್ದು ಯಾವ ದಿನಾಂಕದಂದು, ಅದರಲ್ಲಿ ಸಿಕ್ಕ ಅರ್ಜಿಗಳೆಷ್ಟು?