ಒಂದು ಬೆಂಕಿಗೆ ಎರಡು ದುಡಿಮೆ
(ಕ್ರೋಂಪೇಟೆಯಲ್ಲಿ ನೆರೆದ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಬೀಚಿನಿಂದ ತಾಂಬರದವರೆಗೆ ವಿದ್ಯುತ್ ರೈಲು ಓಡಲಾರಂಭಿಸಿದ್ದು 1931ರಲ್ಲಿ. ನಮ್ಮಲ್ಲಿ ಅನೇಕರು ಇಂದು ಅದೇ ದಾರಿಯ ಬಂಡಿಯಲ್ಲಿ ಬಂದು ಇಲ್ಲಿ ಇಳಿದಿದ್ದೇವೆ. ಆ ಬಂಡಿಯನ್ನು ಎಳೆಯುವುದು ವಿದ್ಯುತ್ತು. ಹೋಟೆಲಿನ ಗ್ರೈಂಡರನ್ನೂ ಗಿರಣಿಯ ಕದಿರನ್ನೂ ತಿರುಗಿಸುವುದು ಅದೇ. 2012ರಲ್ಲಿ ತಮಿಳುನಾಡಿನಲ್ಲಿ ದಿನಕ್ಕೆ ಹಲವು ಗಂಟೆ ವಿದ್ಯುತ್ ಕಡಿತವಾದಾಗ ಗಿರಣಿಗಳಲ್ಲಿ ಪಾಳಿ ನಿಂತಿತು. ಪಾಳಿ ನಿಂತಲ್ಲಿ ಕೂಲಿಯೂ ನಿಂತಿತು. ಆದುದರಿಂದ ಸುಟ್ಟ ಕಲ್ಲಿದ್ದಲಿನಲ್ಲಿ ಎಷ್ಟು ಪಾಲು ವಿದ್ಯುತ್ತಾಗುತ್ತದೆ ಎಂಬ ಲೆಕ್ಕ ನಮಗೂ ಸೇರಿದ್ದು.

ಹಳೆಯ ಮಾದರಿಯ ಸ್ಥಾವರವನ್ನು ಮೊದಲು ನೋಡೋಣ. 1985ರಲ್ಲಿ ಕೆಲಸ ಆರಂಭಿಸಿದ ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಇಂತಹುದು. ಕಲ್ಲಿದ್ದಲು ಉರಿಸಿ ನೀರು ಕಾಯಿಸಿ, ಆವಿಯಿಂದ ಟರ್ಬೈನು ತಿರುಗಿಸುವುದು ಇದರ ಕ್ರಮ. ಕಲ್ಲಿದ್ದಲಿನ ಶಾಖವನ್ನು 100 ಎಂದಿಟ್ಟುಕೊಂಡರೆ ವಿದ್ಯುತ್ತಾಗಿ ಹೊರಬೀಳುವುದು ಸುಮಾರು 35. ಉಳಿದದ್ದು ಚಿಮಣಿಗೂ ತಣ್ಣೀರಿಗೂ ಹೋಗುತ್ತದೆ.

ಇದು ಕೆಲಸಗಾರರ ಅಲಕ್ಷ್ಯದಿಂದಾದ ನಷ್ಟವಲ್ಲ. ಶಾಖವನ್ನು ಪೂರ್ತಿಯಾಗಿ ದುಡಿಮೆಯಾಗಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಶಾಖಯಂತ್ರಕ್ಕೆ ಮೀರಲಾಗದ ಎಲ್ಲೆಯಿದೆಯೆಂದು 1824ರಲ್ಲೇ ಫ್ರಾನ್ಸಿನ ಸಾದಿ ಕಾರ್ನೊ ತೋರಿಸಿಕೊಟ್ಟನು. ಶಾಖ ಒಳಬರುವ ಬಿಸಿಗೂ ಹೊರಹೋಗುವ ಬಿಸಿಗೂ ಅಂತರ ಹೆಚ್ಚಿದಷ್ಟೂ ಆ ಎಲ್ಲೆ ಮೇಲೇರುತ್ತದೆ. ಆವಿ 540 ಡಿಗ್ರಿ, ತಣ್ಣೀರು 40 ಡಿಗ್ರಿ ಇದ್ದರೆ ಎಲ್ಲೆ ನೂರಕ್ಕೆ 61. ಘರ್ಷಣೆ, ಚಿಮಣಿ, ಪಂಪು ಇವೆಲ್ಲ ತಮ್ಮ ಪಾಲು ಪಡೆದ ಮೇಲೆ 35 ಉಳಿಯುತ್ತದೆ. ಹಾಗಾದರೆ ಆವಿಯನ್ನು ಇನ್ನೂ ಕಾಯಿಸಬಾರದೇಕೆ? ಬಾಯ್ಲರಿನ ಉಕ್ಕಿನ ಕೊಳವೆ ತಾಳಬೇಕಲ್ಲ!

ಇಲ್ಲಿ ನಮ್ಮ ಅಡಿಗೆಮನೆಯ ಬುದ್ಧಿ ನೆರವಿಗೆ ಬರುತ್ತದೆ. ಊರಿನಲ್ಲಿ ದೊಡ್ಡ ಒಲೆಯ ಪಕ್ಕದಲ್ಲಿ ಕೋಡೊಲೆ ಇರುತ್ತಿತ್ತು. ದೊಡ್ಡ ಒಲೆಯಲ್ಲಿ ಅನ್ನ ಬೇಯುವಾಗ, ಅದರಿಂದ ಹಾಯ್ದು ಬಂದ ಝಳದಲ್ಲಿಯೇ ಕೋಡೊಲೆಯ ಮೇಲಿನ ಸಾರು ಕುದಿಯುತ್ತಿತ್ತು. ಸೌದೆ ಒಂದೇ, ಕೆಲಸ ಎರಡು. ಸಂಯುಕ್ತ ಚಕ್ರದ ಸ್ಥಾವರವೂ ಇದೇ. ಅನಿಲವನ್ನು ಉರಿಸಿ, 1200 ಡಿಗ್ರಿಗೂ ಮೇಲ್ಪಟ್ಟ ಬಿಸಿಗಾಳಿಯಿಂದ ಮೊದಲ ಟರ್ಬೈನು ತಿರುಗಿಸುತ್ತಾರೆ. ಅದು ಬಿಟ್ಟ ಗಾಳಿ ಇನ್ನೂ ಸುಡುವಂತಿರುತ್ತದೆ; ಅದರಿಂದ ನೀರು ಕಾಯಿಸಿ ಎರಡನೆಯ ಟರ್ಬೈನು ತಿರುಗಿಸುತ್ತಾರೆ. ಬೆಂಗಳೂರಿನ ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಯಾದ 370 ಮೆಗಾವಾಟಿನ ಸ್ಥಾವರ ಈ ಬಗೆಯದು. ಆದರೆ ಅದಕ್ಕೆ ಬೇಕಾದದ್ದು ನೈಸರ್ಗಿಕ ಅನಿಲ. ನಮ್ಮ ದೇಶದಲ್ಲಿ ಹೇರಳವಾಗಿರುವುದು ಕಲ್ಲಿದ್ದಲು.

ಕಲ್ಲಿದ್ದಲನ್ನು ನೇರವಾಗಿ ಆ ಟರ್ಬೈನಿಗೆ ಕೊಟ್ಟರೆ ಬೂದಿ ಅದರ ಅಲಗುಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲು ಅದನ್ನು ಅನಿಲವಾಗಿಸಬೇಕು. ಸಾಕಷ್ಟು ಗಾಳಿ ಕೊಡದೆ, ಅರೆಬರೆ ಉರಿಸಿ, ಆವಿ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಎಂಬ ಉರಿಯುವ ಅನಿಲಗಳು ಬರುತ್ತವೆ. ಇದ್ದಲಿನ ಒಲೆಯ ಮೇಲೆ ಆಡುವ ನೀಲಿ ಜ್ವಾಲೆಯನ್ನು ನಾವೆಲ್ಲ ಕಂಡಿದ್ದೇವೆ. ಅದು ಕಾರ್ಬನ್ ಮಾನಾಕ್ಸೈಡ್ ಉರಿಯುವ ಬಣ್ಣ. ಈ ಅನಿಲವನ್ನು ತೊಳೆದು, ಬೂದಿ ಗಂಧಕ ತೆಗೆದು ಟರ್ಬೈನಿಗೆ ಕೊಡುತ್ತಾರೆ.

ಈಗ ಜಮಾಖರ್ಚು ಬರೆಯೋಣ, ಅಂಕಿಗಳು ಅಂದಾಜಿನವು. ಕಲ್ಲಿದ್ದಲಿನ 100ರಲ್ಲಿ 80 ಮಾತ್ರ ಅನಿಲದಲ್ಲಿ ಉಳಿಯುತ್ತದೆ. ಅದರಿಂದ ಮೊದಲ ಟರ್ಬೈನು 29 ಕೊಡುತ್ತದೆ. ಉಳಿದ 51ರ ಮೂರನೆಯ ಒಂದು ಪಾಲು, ಅಂದರೆ 17, ಆವಿಯ ಟರ್ಬೈನಿಗೆ ದಕ್ಕುತ್ತದೆ. ಅನಿಲವನ್ನು ತಣಿಸುವಾಗ ಸಿಕ್ಕ ಶಾಖದಿಂದ ಇನ್ನೊಂದು 4. ಒಟ್ಟು 50. ಆದರೆ ಆಮ್ಲಜನಕ ತಯಾರಿಕೆಗೂ ಪಂಪುಗಳಿಗೂ ಸ್ಥಾವರವೇ 8 ತಿನ್ನುತ್ತದೆ. ಕೈಗೆ ಬರುವುದು 42. ಮೂವತ್ತೈದರಿಂದ ನಲವತ್ತೆರಡು ಸಣ್ಣ ಲಾಭವಲ್ಲ: ಆರು ವ್ಯಾಗನ್ ಕಲ್ಲಿದ್ದಲು ಸುಡುತ್ತಿದ್ದಲ್ಲಿ ಐದು ಸಾಕು. ಹೊಗೆಯೂ ಬೂದಿಯೂ ಅಷ್ಟೇ ಕಡಿಮೆ. ಎಣ್ಣೂರಿನ ಕಡೆ ಬೂದಿಯ ನಡುವೆ ಬದುಕಿದವರಿಗೆ ಇದರ ಬೆಲೆ ಗೊತ್ತು.

ಈ ವಿದ್ಯೆ ನಮಗೆ ಪರದೇಶದ್ದಲ್ಲ. ನಮ್ಮ ಮುಂದಿನ ಜಿ.ಎಸ್.ಟಿ. ರಸ್ತೆ ಹಿಡಿದು ಹೋದರೆ ಸಿಗುವ ತಿರುಚಿರಾಪಳ್ಳಿಯಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯವರು 1980ರ ದಶಕದಲ್ಲೇ 6.2 ಮೆಗಾವಾಟಿನ ಪ್ರಯೋಗ ಸ್ಥಾವರ ಕಟ್ಟಿದರು. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತೈದು, ನಲವತ್ತು ಪಾಲು ಬೂದಿ. ಅಂತಹ ಕಲ್ಲಿದ್ದಲನ್ನು ಅನಿಲವಾಗಿಸುವ ಬಗೆಯನ್ನು ಅಲ್ಲಿ ಪರೀಕ್ಷಿಸಿದರು. ಮುಂದೆ ವಿಜಯವಾಡದಲ್ಲಿ ದೊಡ್ಡದೊಂದನ್ನು ಕಟ್ಟುವ ಯೋಜನೆಯಾಯಿತು, ಅದು ಕೈಗೂಡಲಿಲ್ಲ.

ಏಕೆ? ಹೊರದೇಶದ ಕಥೆ ಉತ್ತರ ಕೊಡುತ್ತದೆ. ಹಾಲೆಂಡಿನ ಬುಗ್ಗೆನಂನ ಸ್ಥಾವರ ನೂರಕ್ಕೆ 43ರ ದಕ್ಷತೆಯದು. ಆದರೂ 2013ರಲ್ಲಿ ಅದನ್ನು ಮುಚ್ಚಿದರು. ಅಮೆರಿಕದ ಕೆಂಪರ್‌ನಲ್ಲಿ 700 ಕೋಟಿ ಡಾಲರಿಗೂ ಹೆಚ್ಚು ಸುರಿದು, 2017ರಲ್ಲಿ ಕಲ್ಲಿದ್ದಲಿನ ಅನಿಲ ಕೈಬಿಟ್ಟು ನೈಸರ್ಗಿಕ ಅನಿಲಕ್ಕೆ ಹೋದರು. ಯಂತ್ರಗಳು ಹೆಚ್ಚಿದರೆ ಬಂಡವಾಳವೂ ಹೆಚ್ಚು, ಕೆಡುವ ಜಾಗವೂ ಹೆಚ್ಚು. ಅಷ್ಟರಲ್ಲಿ ಹಳೆಯ ಆವಿಯ ಸ್ಥಾವರವೂ ಸುಮ್ಮನೆ ಕುಳಿತಿರಲಿಲ್ಲ. ರಾಯಚೂರಿನ ಬಳಿಯ ಯರಮರಸ್‌ನಲ್ಲಿ 800 ಮೆಗಾವಾಟಿನ ಎರಡು ಘಟಕಗಳಿವೆ. ಅಲ್ಲಿ ಆವಿಯ ಒತ್ತಡ ಹೆಚ್ಚು. ಇಂತಹ ಘಟಕಗಳು ಸರಳ ಕ್ರಮದಲ್ಲಿಯೇ ನಲವತ್ತರ ಹತ್ತಿರ ಬಂದಿವೆ. ಎರಡು ಅಂಕದ ಲಾಭಕ್ಕೆ ಅಷ್ಟು ದುಡ್ಡು ಹಾಕುವವರಾರು?

2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲನ್ನು ಅನಿಲವಾಗಿಸುವ ಯೋಜನೆಗಳಿಗೆ 8,500 ಕೋಟಿ ರೂಪಾಯಿ ನೆರವು ಮಂಜೂರು ಮಾಡಿತು. ಮಾತು ಮತ್ತೆ ಎದ್ದಿದೆ. ಆ ಹಣದಲ್ಲಿ ನಮ್ಮ ಬೆವರಿನ ಪಾಲೂ ಇದೆ. ಯಾರಾದರೂ ಬಂದು ನೂರಕ್ಕೆ ಐವತ್ತು ಎಂದು ಹೇಳಿದರೆ ನಾವು ಮೂರು ಪ್ರಶ್ನೆ ಕೇಳೋಣ. ಸ್ಥಾವರ ತಾನೇ ತಿಂದದ್ದನ್ನು ಕಳೆದು ಹೇಳಿದ ಅಂಕಿಯೋ? ನಮ್ಮ ಬೂದಿಯ ಕಲ್ಲಿದ್ದಲಿಗೆ ಹೇಳಿದ ಅಂಕಿಯೋ? ವರ್ಷದಲ್ಲಿ ಎಷ್ಟು ದಿನ ಓಡುತ್ತದೆ? ಹೋಟೆಲಿನ ಗಲ್ಲಾದಲ್ಲಿ ಕೂತವನು ದಿನದ ವ್ಯಾಪಾರವನ್ನೇ ಲಾಭವೆಂದು ಎಣಿಸುವುದಿಲ್ಲ. ಅಕ್ಕಿ ಉದ್ದು ಸೌದೆಯ ಖರ್ಚು ಕಳೆದೇ ಎಣಿಸುತ್ತಾನೆ. ಆ ಲೆಕ್ಕವನ್ನು ಇಲ್ಲಿಯೂ ಕೇಳುವುದು ನಮ್ಮ ಹಕ್ಕು.