ಬೆಳಕಿನ ಮಣೆಯ ಮೇಲೆ ಪರಮಾಣುಗಳು



ಕಡೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆ ಹತ್ತಿರವೇ. ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. 1993ರಲ್ಲಿ ಅಲ್ಲಿನ ಕೆ. ಶೇಷಾದ್ರಿ, ಎಚ್.ಆರ್. ಕೃಷ್ಣಮೂರ್ತಿ, ರಾಹುಲ್ ಪಂಡಿತ್ ಮತ್ತು ಟಿ.ವಿ. ರಾಮಕೃಷ್ಣನ್ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರ ಲೆಕ್ಕವನ್ನು ಪರಮಾಣುಗಳ ಮೇಲೆ ನೇರವಾಗಿ ಒರೆಗೆ ಹಚ್ಚಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಲೆಕ್ಕ ಏನೆಂದು ಹೇಳುತ್ತೇನೆ. ಅಳಗುಳಿಮಣೆ ನಿಮಗೆಲ್ಲ ಗೊತ್ತು. ಹುಣಸೆಬೀಜದ ಬದಲು ಗುಳಿಗಳಲ್ಲಿ ಪರಮಾಣುಗಳಿವೆ ಎಂದುಕೊಳ್ಳಿ. ಪರಮಾಣು ಯಾರ ಕೈಯೂ ಇಲ್ಲದೆ ಪಕ್ಕದ ಗುಳಿಗೆ ತಾನೇ ದಾಟುತ್ತದೆ. ಒಂದೇ ಗುಳಿಯಲ್ಲಿ ಎರಡು ಸೇರಿದರೆ ಮಾತ್ರ ಒಂದನ್ನೊಂದು ತಳ್ಳುತ್ತವೆ. ದಾಟುವಿಕೆ ಮೇಲುಗೈಯಾದರೆ ಪ್ರತಿ ಪರಮಾಣುವೂ ಇಡೀ ಮಣೆಯ ತುಂಬ ಹರಡಿಕೊಂಡು ತಡೆಯಿಲ್ಲದೆ ಹರಿಯುತ್ತದೆ, ಇದು ಸೂಪರ್‌ಫ್ಲೂಯಿಡ್. ತಳ್ಳಾಟ ಹೆಚ್ಚಾದರೆ ಗುಳಿಗೊಂದರಂತೆ ಅಲುಗದೆ ಕೂರುತ್ತವೆ. ಇದು ಮಾಟ್ ಸ್ಥಿತಿ. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೊರಳುತ್ತವೆ?

ಕೇಳುವುದು ಸುಲಭ. ಆದರೆ 20 ಗುಳಿಗಳಲ್ಲಿ 20 ಪರಮಾಣು ಇಡುವ ಬಗೆಗಳೇ 6,892 ಕೋಟಿಗೂ ಹೆಚ್ಚು, ಕ್ವಾಂಟಂ ಲೆಕ್ಕದಲ್ಲಿ ಅಷ್ಟೂ ಏಕಕಾಲಕ್ಕೆ ಸೇರಿಕೊಳ್ಳುತ್ತವೆ. ಬೆಂಗಳೂರಿನವರು ಇಡೀ ಮಣೆಯನ್ನು ಬಿಟ್ಟು ಒಂದೇ ಗುಳಿಯನ್ನು ಹಿಡಿದರು. ಅದರೊಳಗಿನ ತಳ್ಳಾಟವನ್ನು ಪೂರ್ತಿ ಉಳಿಸಿಕೊಂಡು, ನೆರೆಯ ಗುಳಿಗಳ ಪ್ರಭಾವವನ್ನು ಒಂದು ಸರಾಸರಿ ಸಂಖ್ಯೆಗೆ ಇಳಿಸಿದರು. ಆ ಸಂಖ್ಯೆಯನ್ನು ಊಹಿಸಬೇಕು. ನಮ್ಮ ಗುಳಿಯೂ ನೆರೆಯವುಗಳ ಮೇಲೆ ಅಷ್ಟೇ ಪ್ರಭಾವ ಬೀರುವ ತನಕ ತಿದ್ದುತ್ತ ಹೋಗಬೇಕು. ಕೊನೆಗೆ ಸೊನ್ನೆ ಬಂದರೆ ಮಾಟ್, ಬರದಿದ್ದರೆ ಸೂಪರ್‌ಫ್ಲೂಯಿಡ್. ಯಾವುದನ್ನು ಸರಾಸರಿ ಮಾಡಬಹುದು, ಯಾವುದನ್ನು ಮಾಡಕೂಡದು ಎಂಬ ಆ ವಿವೇಕವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಪ್ರಯೋಗದ ದಾರಿ ಬೇರೆ ಕಡೆಯಿಂದ ಬಂತು. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನರಿಗೆ ತಮ್ಮ ಲೇಖನ ಕಳಿಸಿದರು. ತೀರಾ ತಣ್ಣಗಾದ ಅನಿಲದ ಪರಮಾಣುಗಳು ಒಂದೇ ಸ್ಥಿತಿಯಲ್ಲಿ ಕೂಡಿಕೊಳ್ಳುತ್ತವೆ ಎಂದು ಐನ್‌ಸ್ಟೈನ್ ಅದನ್ನು ಮುಂದುವರಿಸಿದರು. ಹಾಗೆ ತಣಿಸಲು ಎಪ್ಪತ್ತು ವರ್ಷ ಹಿಡಿಯಿತು. ಎದುರಿನಿಂದ ಲೇಸರ್ ಬೆಳಕು ಬಡಿಸಿ ಪರಮಾಣುಗಳ ವೇಗ ಕುಗ್ಗಿಸುವುದು ಮೊದಲ ಹಂತ. ಬಿಸಿಯಾದವನ್ನು ಹೊರಗೆ ಬಿಟ್ಟು ತಂಪಾದವನ್ನಷ್ಟೇ ಉಳಿಸಿಕೊಳ್ಳುವುದು ಎರಡನೆಯದು. 1995ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ಅವರ ತಂಡ ರುಬಿಡಿಯಂ ಅನಿಲವನ್ನು ಒಂದು ಡಿಗ್ರಿಯ ಕೋಟಿ ಪಾಲಿನಲ್ಲಿ ಎರಡು ಪಾಲಿಗಿಂತ ಕಡಿಮೆ ತಾಪಕ್ಕೆ ಇಳಿಸಿ ಆ ಕೂಡಿಕೆಯನ್ನು ಸಾಧಿಸಿತು.

1998ರಲ್ಲಿ ಯಾಕ್ಷ್, ಝೋಲರ್ ಮತ್ತಿತರರು ಎರಡೂ ದಾರಿಗಳನ್ನು ಕೂಡಿಸಿದರು: ಎದುರುಬದುರು ಲೇಸರ್‌ಗಳು ಸೇರಿದಲ್ಲಿ ಬೆಳಕೇ ಗುಳಿಗಳ ಮಣೆಯಾಗುತ್ತದೆ. 2002ರಲ್ಲಿ ಮ್ಯೂನಿಕ್‌ನ ಗ್ರೈನರ್, ಬ್ಲಾಖ್ ತಂಡ ಅದನ್ನು ಮಾಡಿಯೇ ತೋರಿಸಿತು. ಲಕ್ಷಕ್ಕೂ ಮಿಕ್ಕ ಗುಳಿಗಳು. ಗುಳಿಯಿಂದ ಗುಳಿಗೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿಗೂ ಕಡಿಮೆ ಅಂತರ. ಲೇಸರ್ ಪ್ರಖರತೆ ಏರಿಸಿದಂತೆ ಗುಳಿ ಆಳವಾಗಿ ದಾಟುವುದು ಕಷ್ಟವಾಯಿತು. ಮಣೆಯನ್ನು ಥಟ್ಟನೆ ತೆಗೆದು ಪರಮಾಣುಗಳ ಚಿತ್ರ ಹಿಡಿದಾಗ, ಸೂಪರ್‌ಫ್ಲೂಯಿಡ್‌ನಲ್ಲಿದ್ದ ಚೂಪಾದ ಚುಕ್ಕೆಗಳು ಮಾಟ್ ಸ್ಥಿತಿಯಲ್ಲಿ ಅಳಿಸಿಹೋಗಿದ್ದವು. ಪ್ರಖರತೆ ಇಳಿಸಿದರೆ ಮರಳಿ ಬಂದವು. ತಳ್ಳಾಟವು ದಾಟುವಿಕೆಯ ಸುಮಾರು 35 ಪಟ್ಟಾದಾಗ ಹೊರಳುತ್ತದೆ ಎಂಬುದು ಸರಾಸರಿ ವಿಧಾನದ ಉತ್ತರ. ಪ್ರಯೋಗ ಅದಕ್ಕೆ ಹೊಂದಿಕೆಯಾಯಿತು. ಮುಂದೆ ಬಂದ ಹೆಚ್ಚು ನಿಖರ ಗಣನೆ ಅದನ್ನು ಸುಮಾರು 29 ಎಂದಿತು. ನೆರೆಯವರನ್ನು ಸರಾಸರಿಗೆ ಇಳಿಸಿದ್ದರ ಬೆಲೆ ಆ ವ್ಯತ್ಯಾಸ.

ಬೆಂಗಳೂರಿನ ಅದೇ ನಾಲ್ವರು 1995ರಲ್ಲಿ, ಗುಳಿಗಳು ಏರುಪೇರಾಗಿದ್ದರೆ ಏನಾಗುತ್ತದೆಂದೂ ಬರೆದರು. ಇಂದು ಅದೇ ಊರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ಲೇಸರಿನಿಂದ ತಣಿಸುವ ಪ್ರಯೋಗಾಲಯವಿದೆ. ಕಡೂರು, ತರೀಕೆರೆ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವವರಿಗೆ ಒಂದು ಮಾತು: 1993ರ ಆ ಒಂದು ಗುಳಿಯ ಲೆಕ್ಕಕ್ಕೆ ಐದಾರು ಸಾಲಿನ ಮ್ಯಾಟ್ರಿಕ್ಸ್ ಸಾಕು. ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲೇ ಮಾಡಿ, ಆ 35 ಬರುತ್ತದೆಯೇ ನೋಡಿ.